ತಾಯಿಯ ಶಿಲ್ಕು, ಮಗುವಿನ ಬಂಡವಾಳ

ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಬಳಗದವರು ಕೇಳಿದಾಗ, ಕವಿತೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೊಂದು ಲೆಕ್ಕ ಬರೆಯುತ್ತೇನೆ ಅಂದೆ. ಕಾಮರ್ಸ್‌ನವರಿಗೆ ಲೆಕ್ಕ ಬಿಟ್ಟರೆ ಬೇರೇನು ಗೊತ್ತು ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ಇದು ಅಂಗಡಿಯ ಲೆಕ್ಕವಲ್ಲ. ಗರ್ಭಿಣಿಯ ಮೈಯಲ್ಲಿ ಮತ್ತು ಅವಳ ಹಸುಳೆಯ ಮೈಯಲ್ಲಿ ನಡೆಯುವ ಜೀವಸತ್ವ 'ಡಿ'ಯ ಲೆಕ್ಕ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ನಮ್ಮ ಮನೆಗಳಲ್ಲಿ ಈ ಖಾತೆ ಯಾರೂ ನೋಡದೆ ಖಾಲಿಯಾಗುತ್ತಿದೆ.

ಸಾಹಿತ್ಯದ ಪತ್ರಿಕೆಗೆ ಈ ವಿಷಯ ಒಗ್ಗುವುದೇ ಎಂಬ ಸಂಕೋಚ ನನಗಿಲ್ಲ. ಕಾರಂತರು ಕಾದಂಬರಿಗಳ ನಡುವೆಯೇ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದವರು. ಕತೆ ಕಾದಂಬರಿ ಬರೆದ ಡಾಕ್ಟರ್ ಅನುಪಮಾ ನಿರಂಜನರ 'ತಾಯಿ ಮಗು' ಕನ್ನಡದ ಎಷ್ಟೋ ಮನೆಗಳಲ್ಲಿ ಕೈಯಿಂದ ಕೈಗೆ ದಾಟಿದ ಪುಸ್ತಕ. ನಾನು ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವನು. ವಿಜ್ಞಾನವನ್ನು ಮೊದಲು ಕನ್ನಡದಲ್ಲಿ ಓದಿದ್ದರಿಂದಲೋ ಏನೋ, ತಿಳಿಯಬೇಕಾದ ಸಂಗತಿಯನ್ನು ಕನ್ನಡದಲ್ಲಿ ಬರೆದು ನೋಡಿದರೇನೇ ನನಗೆ ತಲೆಗೆ ಹತ್ತುವುದು.

ಈ ಜೀವಸತ್ವ ಯಾವುದು?

ಉಳಿದ ಜೀವಸತ್ವಗಳು ಹೆಚ್ಚಾಗಿ ಊಟದಿಂದ ಬರುತ್ತವೆ. 'ಡಿ' ಹಾಗಲ್ಲ. ನಮ್ಮ ಚರ್ಮದಲ್ಲಿ ಕೊಬ್ಬಿನ ಜಾತಿಯ ಒಂದು ವಸ್ತು ಇದೆ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ 'ಬಿ' ಎಂಬ ಪಂಗಡದ ಕಿರಣ ಅದರ ಮೇಲೆ ಬಿದ್ದರೆ ಅದು ಜೀವಸತ್ವ ಡಿ ಆಗುತ್ತದೆ. ಅಲ್ಲಿಂದ ಯಕೃತ್ತಿಗೆ ಹೋಗಿ ಒಂದು ಬದಲಾವಣೆ, ಮೂತ್ರಪಿಂಡಕ್ಕೆ ಹೋಗಿ ಇನ್ನೊಂದು ಬದಲಾವಣೆ. ಹೀಗೆ ಎರಡು ಆಫೀಸು ದಾಟಿ ಸಹಿ ಬಿದ್ದ ಮೇಲೆ ಅದು ಕೆಲಸಕ್ಕೆ ಬರುತ್ತದೆ. ಕೆಲಸ ಏನು? ನಾವು ತಿಂದ ಸುಣ್ಣವನ್ನು, ಅಂದ್ರೆ ಕ್ಯಾಲ್ಸಿಯಂ ಅನ್ನು, ಕರುಳಿನಿಂದ ರಕ್ತಕ್ಕೆ ಎತ್ತಿಕೊಡುವುದು.

ಇದು ಸಣ್ಣ ಕೆಲಸವಲ್ಲ. ಜೀವಸತ್ವ ಡಿ ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30ರಿಂದ 40 ಪಾಲು ಮೈಗೆ ಸೇರುತ್ತದೆ. ಇಲ್ಲದಿದ್ದರೆ 10ರಿಂದ 15 ಪಾಲು ಮಾತ್ರ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಹೆಮ್ಮೆ ಪಡುತ್ತೇವೆ. ಹೆಮ್ಮೆ ಸರಿಯೇ. ಆದರೆ ಗೋದಾಮಿನಲ್ಲಿ ಸರಕು ಇದ್ದು ಅದನ್ನು ಎತ್ತಿ ತರುವ ಹಮಾಲಿ ಇಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲವಲ್ಲ! ಡಿ ಜೀವಸತ್ವವೇ ಆ ಹಮಾಲಿ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಮೈ ಸುಮ್ಮನೆ ಕೂರುವುದಿಲ್ಲ. ಎಲುಬಿನಲ್ಲಿಟ್ಟ ಠೇವಣಿಯನ್ನು ಮುರಿದು ಖರ್ಚು ಮಾಡುತ್ತದೆ. ಮಕ್ಕಳಲ್ಲಿ ಹೀಗಾದಾಗ ಎಲುಬು ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ, ಎದೆಗೂಡಿನ ಮೇಲೆ ಮಣಿ ಪೋಣಿಸಿದ ಹಾಗೆ ಗಂಟುಗಳು ಕಾಣುತ್ತವೆ. ಇದಕ್ಕೆ ರಿಕೆಟ್ಸ್ ಎನ್ನುತ್ತಾರೆ. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯ ಅತಿನೇರಳೆ ಕಿರಣದ ದೀಪದ ಎದುರು ಮಕ್ಕಳನ್ನು ಇಟ್ಟು ಈ ರೋಗ ವಾಸಿ ಮಾಡಿದ. ಅದೇ ಹೊತ್ತಿಗೆ ಇಂಗ್ಲೆಂಡಿನ ಮೆಲನ್‌ಬಿ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ಮೀನೆಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದ. ಒಬ್ಬ ಬೆಳಕು ಅಂದ, ಇನ್ನೊಬ್ಬ ಎಣ್ಣೆ ಅಂದ. ಇಬ್ಬರೂ ಹೇಳಿದ್ದು ಒಂದೇ ವಸ್ತುವಿನ ಬಗ್ಗೆ ಎಂಬುದು ಆಮೇಲೆ ತಿಳಿಯಿತು. 1922ರಲ್ಲಿ ಅಮೆರಿಕದ ಮೆಕಾಲಮ್ ಎ, ಬಿ, ಸಿ ಆದ ಮೇಲೆ ಬಂದದ್ದೆಂದು ಅದಕ್ಕೆ ಡಿ ಎಂದು ಹೆಸರಿಟ್ಟ.

ಆರಂಭ ಶಿಲ್ಕು

ಹೊಸ ವ್ಯಾಪಾರ ಶುರು ಮಾಡುವವನು ಮೊದಲ ಪುಟದಲ್ಲಿ ಬಂಡವಾಳ ಬರೆದುಕೊಳ್ಳುತ್ತಾನೆ. ಹುಟ್ಟುವ ಮಗುವಿನ ಖಾತೆಯಲ್ಲೂ ಹಾಗೆಯೇ ಒಂದು ಆರಂಭ ಶಿಲ್ಕು ಇರುತ್ತದೆ. ಜೀವಸತ್ವ ಡಿಯ ಮಟ್ಟಿಗೆ ಅದು ಪೂರ್ತಿಯಾಗಿ ತಾಯಿಯ ಖಾತೆಯಿಂದ ವರ್ಗವಾದದ್ದು. ಹೊಟ್ಟೆಯೊಳಗೆ ಬಿಸಿಲಿಲ್ಲ, ಊಟವೂ ಇಲ್ಲ. ತಾಯಿ ಕೊಟ್ಟದ್ದೇ ಗತಿ.

ತಾಯಿ ಕೊಡುವುದು ಎಷ್ಟು? ಲಕ್ನೋದಲ್ಲಿ 207 ಗರ್ಭಿಣಿಯರನ್ನು ಪರೀಕ್ಷಿಸಿದ ವರದಿ 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ಪೇಟೆಯವರೂ ಇದ್ದರು, ಹಳ್ಳಿಯವರೂ ಇದ್ದರು. ತಾಯಂದಿರ ರಕ್ತದಲ್ಲಿ ಸರಾಸರಿ ಇದ್ದದ್ದು ಮಿಲಿಲೀಟರಿಗೆ 14 ನ್ಯಾನೋಗ್ರಾಂ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಸರಾಸರಿ 8.4. ಭಾಗಿಸಿ ನೋಡಿ: ಸರಿಯಾಗಿ ನೂರಕ್ಕೆ ಅರವತ್ತು. ತಾಯಿಯದು ಕಡಿಮೆಯಾದಂತೆ ಮಗುವಿನದೂ ಕಡಿಮೆ ಎಂಬುದು ಒಬ್ಬೊಬ್ಬರ ಅಂಕಿಯಲ್ಲೂ ಎದ್ದು ಕಾಣುತ್ತಿತ್ತು. 20ಕ್ಕಿಂತ ಕೆಳಗಿದ್ದರೆ ಕೊರತೆ ಎಂಬುದು ಬಹುಕಾಲ ಬಳಕೆಯಲ್ಲಿದ್ದ ಅಳತೆ. 12ಕ್ಕಿಂತ ಕೆಳಗಿದ್ದರೆ ಎಲುಬಿಗೆ ಅಪಾಯ ಎಂದು 2016ರಲ್ಲಿ ನಾನಾ ದೇಶಗಳ ಮಕ್ಕಳ ತಜ್ಞರು ಸೇರಿ ಒಪ್ಪಿದ್ದರು. ಅಂದಮೇಲೆ ಲಕ್ನೋದ ಸರಾಸರಿ ಮಗು ಅಪಾಯದ ಗೆರೆಯ ಕೆಳಗೇ ಹುಟ್ಟಿತು ಎಂದಾಯಿತು.

ಅದು ಉತ್ತರದ ಮಾತು, ಚಳಿಯ ಸೀಮೆ ಎನ್ನುತ್ತೀರಾ? ನಮ್ಮ ಮೈಸೂರಿಗೇ ಬನ್ನಿ. ಅಲ್ಲಿ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 559 ಗರ್ಭಿಣಿಯರ ರಕ್ತ ಪರೀಕ್ಷಿಸಿದ್ದರು. ಫಲಿತಾಂಶ 2009ರಲ್ಲಿ ಅಚ್ಚಾಯಿತು. ನೂರಕ್ಕೆ 66 ಮಂದಿ ಕೊರತೆಯ ಗೆರೆಯ ಕೆಳಗೆ! ಮೂವರಲ್ಲಿ ಇಬ್ಬರು. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬಿಸಿಲಿಗೇನು ಬರವೇ?

ಇಲ್ಲಿ ಒಂದು ಎಚ್ಚರಿಕೆ. ಕೆಲವು ಲ್ಯಾಬುಗಳು ನ್ಯಾನೋಗ್ರಾಂ ಬದಲು ನ್ಯಾನೋಮೋಲ್ ಎಂಬ ಅಳತೆಯಲ್ಲಿ ಬರೆಯುತ್ತವೆ. ಡಾಲರು ರೂಪಾಯಿ ಇದ್ದ ಹಾಗೆ ಇದಕ್ಕೂ ವಿನಿಮಯ ದರ ಇದೆ. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಅಂದ್ರೆ ಲೀಟರಿಗೆ 2.5 ನ್ಯಾನೋಮೋಲ್. 20 ಮತ್ತು 50 ಎರಡೂ ಒಂದೇ ಗೆರೆ. ವರದಿ ಕೈಗೆ ಬಂದಾಗ ಅಂಕಿಗಿಂತ ಮೊದಲು ಅಳತೆ ನೋಡಬೇಕು.

ಇನ್ನು ಮಗು ಹುಟ್ಟಿದ ಮೇಲಿನ ಲೆಕ್ಕ. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಗೆ ವರ್ಗಾವಣೆ ನಿಂತಿತು. ರಕ್ತದಲ್ಲಿರುವ ಜೀವಸತ್ವ ಡಿ ಎರಡು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಹೊಸ ಜಮಾ ಎಲ್ಲಿಂದ? ಎದೆಹಾಲಿನಿಂದ ಎಂದು ನಾನೂ ಊಹಿಸಿದ್ದೆ. ಆದರೆ ತಾಯಿಯ ಹಾಲಿನಲ್ಲಿ ಸಾಮಾನ್ಯವಾಗಿ ಇರುವುದು ಲೀಟರಿಗೆ ಐವತ್ತರ ಆಸುಪಾಸಿನ ಘಟಕ. ಔಷಧದ ಪೊಟ್ಟಣದ ಮೇಲೆ 'ಐ.ಯು.' ಎಂದು ಬರೆದಿರುತ್ತದಲ್ಲ, ಅದೇ ಈ ಘಟಕ. ಮಗುವಿಗೆ ಬೇಕಾದದ್ದು ದಿನಕ್ಕೆ 400. ಮಗು ಕುಡಿಯುವುದು ದಿನಕ್ಕೆ ಮುಕ್ಕಾಲು ಲೀಟರ್ ಎಂದಿಟ್ಟುಕೊಂಡರೂ ಜಮಾ ನಲವತ್ತು ಘಟಕ, ಖರ್ಚು ನಾನೂರು!

ಹಾಗಂತ ಎದೆಹಾಲು ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಅದಕ್ಕೆ ಸಮನಾದ ಆಹಾರ ಮಗುವಿಗೆ ಬೇರೊಂದಿಲ್ಲ. ಆ ಒಂದು ಬಾಬ್ತು ಮಾತ್ರ ಪ್ರಕೃತಿ ಹಾಲಿಗೆ ವಹಿಸಲಿಲ್ಲ, ಬಿಸಿಲಿಗೆ ವಹಿಸಿತ್ತು.

ಹಪ್ಪಳ ಒಣಗುವ ಬಿಸಿಲು

ಹಾಗಾದರೆ ವರ್ಷವಿಡೀ ಸುಡುವ ಈ ನಾಡಿನಲ್ಲಿ ತಾಯಿಯ ಖಾತೆ ಬರಿದಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಬಿಸಿಲಿಗೂ ಬಿಸಿಲಿಗೂ ವ್ಯತ್ಯಾಸ ಇದೆ ಎಂದು ತಿಳಿಯುತ್ತದೆ.

ಬೆಳಿಗ್ಗೆ ಏಳರ ಎಳೆಬಿಸಿಲು ಮೈಗೆ ಹಿತ. ಆದರೆ ಸೂರ್ಯ ಓರೆಯಾಗಿರುವಾಗ ಬೇಕಾದ ಕಿರಣ ವಾತಾವರಣದಲ್ಲೇ ಸೋಸಿಹೋಗುತ್ತದೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಚರ್ಮಕ್ಕೆ ಅದು ಚೆನ್ನಾಗಿ ಸಿಗುತ್ತದೆ. ಸುಮಾರು ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಎನ್ನಿ. ಊರಿನಲ್ಲಿ ಅಂಗಳಕ್ಕೆ ಚಾಪೆ ಹಾಸಿ ಹಪ್ಪಳ ಸಂಡಿಗೆ ಒಣಗಿಸುವುದು ಇದೇ ಹೊತ್ತಿನಲ್ಲಿ. ಕಾಗೆ ಓಡಿಸಲು, ಮಗುಚಿ ಹಾಕಲು ಹೆಂಗಸರು ಹತ್ತು ಸಲ ಅಂಗಳಕ್ಕೆ ಇಳಿಯುತ್ತಿದ್ದರು. ಭತ್ತ, ಅಡಿಕೆ, ಮೆಣಸು, ಸೌದೆ, ಬಟ್ಟೆ, ಎಲ್ಲಕ್ಕೂ ಅಂಗಳವೇ. ಯಾರೂ ಜೀವಸತ್ವಕ್ಕಾಗಿ ಬಿಸಿಲಿಗೆ ಹೋಗಲಿಲ್ಲ. ಕೆಲಸಕ್ಕೆ ಹೋದರು, ಜೀವಸತ್ವ ತಾನಾಗಿ ಜಮೆಯಾಯಿತು.

ಡೊಂಬಿವಲಿಯ ಫ್ಲ್ಯಾಟಿಗೆ ಅಂಗಳ ಎಲ್ಲಿಂದ ಬರಬೇಕು? ಹಪ್ಪಳ ಅಂಗಡಿಯಿಂದ, ಬಟ್ಟೆ ಮಷಿನ್ನಿನಿಂದ. ಬಾಲ್ಕನಿಗೆ ಗ್ರಿಲ್ಲು, ಅದರ ಹಿಂದೆ ಗಾಜು. ಗಾಜಿನೊಳಗಿಂದ ಬೆಳಕು ಬರುತ್ತದೆ, ಸೆಕೆಯೂ ಬರುತ್ತದೆ, ಆದರೆ ಈ ಕಿರಣ ಮಾತ್ರ ಬರುವುದಿಲ್ಲ. ಒತ್ತೊತ್ತಾದ ಕಟ್ಟಡಗಳಲ್ಲಿ ಕೆಳಗಿನ ಮಾಳಿಗೆಗೆ ನೇರ ಬಿಸಿಲು ಬೀಳುವುದೇ ಅಪರೂಪ. ಜೂನಿನಿಂದ ಸೆಪ್ಟೆಂಬರ್ ತನಕ ಮೋಡ ಬೇರೆ. ಹೊಗೆ ಧೂಳೂ ಕಿರಣವನ್ನು ತಡೆಯುತ್ತದೆ. ದಿಲ್ಲಿಯಲ್ಲಿ 2002ರ ಒಂದು ಅಧ್ಯಯನದಲ್ಲಿ ಹೊಗೆ ಹೆಚ್ಚಿರುವ ಮೋರಿ ಗೇಟ್ ಭಾಗದ ಎಳೆಮಕ್ಕಳಲ್ಲಿ ಜೀವಸತ್ವ ಡಿ ಸರಾಸರಿ 12.4 ನ್ಯಾನೋಗ್ರಾಂ ಇತ್ತು. ಆಗ ಹೊಗೆ ಕಡಿಮೆಯಿದ್ದ ಗುರ್‌ಗಾಂವ್ ಕಡೆಯ ಮಕ್ಕಳಲ್ಲಿ 27.1. ಇದರ ಮೇಲೆ ನಮ್ಮ ಕಂದು ಚರ್ಮ. ಬಿಸಿಲಿನಿಂದ ಕಾಪಾಡುವ ಬಣ್ಣವೇ ಕಿರಣವನ್ನೂ ತಡೆಯುವುದರಿಂದ, ಬಿಳಿಯರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು.

ಈ ಸಂಗತಿಯನ್ನು ನಮ್ಮ ಪಕ್ಕದಲ್ಲೇ ನೂರು ವರ್ಷದ ಹಿಂದೆ ಕಂಡುಕೊಂಡಿದ್ದರು. ಕಲ್ಯಾಣದಿಂದ ಕಸಾರಾ ಘಾಟಿ ಹತ್ತಿದರೆ ನಾಸಿಕ್. ಅಲ್ಲಿ ಹಚಿಸನ್ ಮತ್ತು ಶಾಹ ಎಂಬ ಇಬ್ಬರು ರಿಕೆಟ್ಸ್ ಕುರಿತು ಅಧ್ಯಯನ ಮಾಡಿ 1922ರಲ್ಲಿ ಪ್ರಕಟಿಸಿದರು. ಉಂಡುಟ್ಟು ಸುಖವಾಗಿದ್ದು, ಪರದೆಯ ಪದ್ಧತಿಯಿಂದ ಮನೆಯೊಳಗೇ ಉಳಿದ ಕುಟುಂಬಗಳ ಹೆಂಗಸರು ಮಕ್ಕಳಲ್ಲಿ ರೋಗ ಕಂಡಿತು. ಹೊಲದಲ್ಲಿ ದುಡಿಯುವ, ಊಟಕ್ಕೆ ಕಷ್ಟವಿದ್ದ ಬಡವರಲ್ಲಿ ಕಾಣಲಿಲ್ಲ. ಕಾಶ್ಮೀರದಲ್ಲಿ ಕೆಲಸ ಮಾಡಿದ ಡಾಕ್ಟರ್ ಕ್ಯಾಥ್ಲೀನ್ ವಾನ್ 1928ರ ತಮ್ಮ ಪುಸ್ತಕದಲ್ಲಿ ಇದೇ ಮಾತು ಬರೆದರು. ಕತ್ತಲ ಮನೆಯ ಹೆಂಗಸರ ಸೊಂಟದ ಎಲುಬು ಮೆತ್ತಗಾಗಿ ಬಾಗಿ ಹೆರಿಗೆಯೇ ಅಸಾಧ್ಯವಾಗುತ್ತಿತ್ತು. ದೋಣಿಗಳಲ್ಲಿ ಬಯಲಲ್ಲಿ ಬದುಕುವ ಹೆಂಗಸರಿಗೆ ಆ ತೊಂದರೆ ಇರಲಿಲ್ಲ. ಅಂದಿನ ಪರದೆ ಬಟ್ಟೆಯದು. ಇಂದು ಅದರ ಜೊತೆಗೆ ಸಿಮೆಂಟಿನದೂ ಗಾಜಿನದೂ ಸೇರಿದೆ, ಜಾತಿ ಧರ್ಮ ನೋಡದೆ ಎಲ್ಲರ ಮನೆಗೂ ಬಂದಿದೆ.

ಅಕ್ಕನ ಖಾತೆ

ನಾನು ಈ ಲೆಕ್ಕಕ್ಕೆ ಕೈ ಹಾಕಿದ್ದು ಅಕ್ಕನಿಂದಾಗಿ. ಅಕ್ಕ ಭಾವ ಇರುವುದು ಡೊಂಬಿವಲಿ ಪೂರ್ವದಲ್ಲಿ. ಅಕ್ಕನ ಕೆಲಸ ಐರೋಲಿಯ ಒಂದು ಆಫೀಸಿನಲ್ಲಿ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು, ಥಾಣೆಯಲ್ಲಿ ಇಳಿದು, ವಾಶಿ ಕಡೆಯ ಗಾಡಿ ಹಿಡಿದು, ಒಂಬತ್ತಕ್ಕೆ ಗಾಜಿನ ಕಟ್ಟಡದೊಳಗೆ ಹೋದರೆ ಹೊರಗೆ ಬರುವಾಗ ದೀಪ ಹತ್ತಿರುತ್ತದೆ. ಭಾನುವಾರ ಮನೆಗೆಲಸ. ಹನ್ನೊಂದರಿಂದ ಎರಡರ ಅಂಕಣ ವಾರಕ್ಕೆ ಏಳು ದಿನವೂ ಸೊನ್ನೆ. ಬಸುರಾದ ಮೇಲಂತೂ, "ಬಿಸಿಲಿಗೆ ಹೋಗ್ಬೇಡ ಮಾರಾಯ್ತಿ, ತಲೆ ತಿರುಗ್ತದೆ" ಎಂಬ ಕಾಳಜಿ ಬೇರೆ.

ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಗುಳಿಗೆ ಕೊಟ್ಟಿದ್ದರು. ಅದನ್ನು ತಿಂದರೆ ಮಗುವಿನ ಎಲುಬು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಮನೆಯ ಹಿರಿಯರೊಬ್ಬರು ಹೇಳಿದ್ರು. ಗುಳಿಗೆ ಡಬ್ಬಿಯಲ್ಲೇ ಉಳಿಯಿತು. ಹೆರಿಗೆ ಸಲೀಸಾಗಿಯೇ ಆಯಿತು. ಗಂಡುಮಗು. ಒಂಬತ್ತನೆಯ ದಿನ ಮಗುವಿನ ಒಂದು ಕೈ ಕಾಲು ಸೆಟೆದು ಅದುರತೊಡಗಿತು. ದೃಷ್ಟಿ ಎಂದರು ಒಬ್ಬರು, ಬಾಲಗ್ರಹ ಎಂದರು ಇನ್ನೊಬ್ಬರು. ಭಾವ ಯಾರ ಮಾತೂ ಕೇಳದೆ ರಿಕ್ಷಾ ಹಿಡಿದದ್ದು ಒಳ್ಳೆಯದಾಯಿತು. ರಕ್ತದಲ್ಲಿ ಕ್ಯಾಲ್ಸಿಯಂ ಬಹಳ ಇಳಿದಿತ್ತು. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರು, ಆಮೇಲೆ ಜೀವಸತ್ವ ಡಿ. ಡಾಕ್ಟರರು ಮಗುವಿನ ಜೊತೆಗೆ ಅಕ್ಕನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಅಕ್ಕನಲ್ಲಿ 9 ನ್ಯಾನೋಗ್ರಾಂ ಇತ್ತು. ನೂರಕ್ಕೆ ಅರವತ್ತರ ಲೆಕ್ಕ ಹಾಕಿದರೆ ಮಗು ತಂದ ಬಂಡವಾಳ ಐದರ ಸುತ್ತಮುತ್ತ.

ಮಗು ಈಗ ಗೋಡೆ ಹಿಡಿದು ನಡೆಯುತ್ತಾನೆ, ಚಿಂತೆಯಿಲ್ಲ. ನನ್ನನ್ನು ಚುಚ್ಚಿದ್ದು ಬೇರೆಯೇ. ಆ ನಾಲ್ಕು ದಿನ ಮನೆಗೆ ಬಂದವರೆಲ್ಲ ಅಕ್ಕನಿಗೆ ಹೇಳಿದ್ದು ಒಂದೇ ಮಾತು: "ನಿನ್ನ ಹಾಲಿನಲ್ಲೇ ಏನೋ ದೋಷ ಇದೆ." ಒಬ್ಬರು ಎದೆಹಾಲು ಬಿಡಿಸಿ ಡಬ್ಬಿ ಹಾಲು ಹಾಕು ಎಂದರು. ಅಕ್ಕ ಅಳುತ್ತಾ ಮಗುವನ್ನು ಎದೆಗೆ ಹಚ್ಚಲು ಹೆದರುತ್ತಿದ್ದಳು. ಹಾಲು ಬಿಡಿಸಬೇಡಿ, ಹನಿ ಸೇರಿಸಿ ಎಂದು ಡಾಕ್ಟರರು ಗಟ್ಟಿಯಾಗಿ ಹೇಳಿರದಿದ್ದರೆ ಬಿಡಿಸಿಯೇ ಬಿಡುತ್ತಿದ್ದರೇನೋ. ಖಾತೆ ಬರಿದಾದದ್ದು ರೈಲಿನ ವೇಳಾಪಟ್ಟಿಯಿಂದ, ಗಾಜಿನ ಗೋಡೆಯಿಂದ, ಡಬ್ಬಿಯಲ್ಲಿ ಉಳಿದ ಗುಳಿಗೆಯಿಂದ. ದೋಷ ಹೊತ್ತವಳು ಮಾತ್ರ ತಾಯಿ. ಲೆಕ್ಕಶಾಸ್ತ್ರದಲ್ಲಿ ಇದನ್ನು ತಪ್ಪು ಖಾತೆಗೆ ಬರೆಯುವುದು ಎನ್ನುತ್ತಾರೆ. ಅಕ್ಕನ ಹೆಸರಿನಲ್ಲಿ ಬರೆದ ಆ ಬಾಬ್ತನ್ನು ಅಳಿಸಬೇಕು ಎಂಬುದೇ ನನ್ನ ಈ ಲೇಖನದ ಹಟ.

ಎಷ್ಟು ನಂಬಬೇಕು?

ಈಗ ಪೇಟೆಯಲ್ಲಿ ಜೀವಸತ್ವ ಡಿಯ ಹೆಸರಿನಲ್ಲಿ ಬೇಕಾದಷ್ಟು ಭರವಸೆ ಮಾರಾಟವಾಗುತ್ತಿದೆ. ಆದ್ದರಿಂದ ಇನ್ನೊಂದು ಬದಿಯನ್ನೂ ಹೇಳಲೇಬೇಕು. ಮೈಸೂರಿನ ಅಧ್ಯಯನದಲ್ಲಿ ತಾಯಿಯ ಕೊರತೆಗೂ ಹುಟ್ಟಿದ ಮಗುವಿನ ಗಾತ್ರಕ್ಕೂ ನಂಟು ಕಾಣಲಿಲ್ಲ. ಗರ್ಭಿಣಿಯ ಸಕ್ಕರೆ ಕಾಯಿಲೆಗೂ ಕಾಣಲಿಲ್ಲ. ಅದೇ ಮಕ್ಕಳನ್ನು ಮುಂದೆ ಐದನೆಯ ವರ್ಷದಲ್ಲಿ ಮತ್ತು ಒಂಬತ್ತೂವರೆ ವರ್ಷದಲ್ಲಿ ನೋಡಿದಾಗ, ಕೊರತೆಯಿದ್ದ ತಾಯಂದಿರ ಮಕ್ಕಳಲ್ಲಿ ತೋಳಿನ ಮಾಂಸಖಂಡ ತುಸು ಕಡಿಮೆ ಇತ್ತು ಎಂದು 2011ರಲ್ಲಿ ವರದಿ ಮಾಡಿದರು. ಢಾಕಾದಲ್ಲಿ 1,300 ಗರ್ಭಿಣಿಯರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಜೀವಸತ್ವ ಡಿ ಕೊಟ್ಟದ್ದರಿಂದ ಒಂದು ವರ್ಷದ ಮಗುವಿನ ಉದ್ದ ಹೆಚ್ಚಲಿಲ್ಲ.

ಪ್ರತಿ ಗರ್ಭಿಣಿಗೂ ಈ ಜೀವಸತ್ವ ಕೊಡಬೇಕಿಲ್ಲ, ಕೊರತೆಯ ಸಂಶಯ ಇದ್ದವರಿಗೆ ದಿನಕ್ಕೆ 200 ಘಟಕ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಗರ್ಭಿಣಿಯರು ತೆಗೆದುಕೊಳ್ಳುವುದು ಒಳ್ಳೆಯದೆಂಬ ಕಡೆಗೆ ವಾಲಿತು. ಆದರೆ ಎಲ್ಲರಿಗೂ ರಕ್ತ ಪರೀಕ್ಷೆ ಬೇಡ ಎಂದಿತು. ಪಂಡಿತರಲ್ಲಿ ಈ ವಿಷಯಕ್ಕೆ ಚರ್ಚೆ ನಡೆದೇ ಇದೆ. ಚರ್ಚೆ ಇಲ್ಲದ ಸಂಗತಿ ಒಂದು: ತೀರಾ ಬರಿದಾದ ತಾಯಿಯ ಮಗುವಿಗೆ ಕ್ಯಾಲ್ಸಿಯಂ ಇಳಿಯುವ, ಎಲುಬು ಮೆತ್ತಗಾಗುವ ಅಪಾಯ ನಿಜ; ಅದನ್ನು ತಡೆಯುವುದು ಸುಲಭ, ಅಗ್ಗ.

ಮನೆಯಲ್ಲಿ ಏನು ಮಾಡಬಹುದು?

ಮೊದಲನೆಯದು ಗುಳಿಗೆ. ಕೇಂದ್ರ ಸರಕಾರದ 2014ರ ನಿಯಮದ ಪ್ರಕಾರ ಗರ್ಭಿಣಿಗೆ 14ನೆಯ ವಾರದಿಂದ ಹೆರಿಗೆಯ ನಂತರ ಆರು ತಿಂಗಳ ತನಕ ದಿನಕ್ಕೆ ಎರಡು ಕ್ಯಾಲ್ಸಿಯಂ ಗುಳಿಗೆ. ಒಂದೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಘಟಕ ಜೀವಸತ್ವ ಡಿ. ಊಟದ ಜೊತೆ ತೆಗೆದುಕೊಳ್ಳಬೇಕು. ಕಬ್ಬಿಣದ ಗುಳಿಗೆಯೊಂದಿಗೆ ಮಾತ್ರ ಬೇಡ. ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಎರಡರ ನಡುವೆ ಎರಡು ಗಂಟೆ ಅಂತರ ಇರಲಿ. ಮಗುವಿನ ಎಲುಬು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಸುಳ್ಳು. ಹೊಟ್ಟೆಯೊಳಗಿನ ಮಗು ಒಟ್ಟು ಕೂಡಿಡುವ ಕ್ಯಾಲ್ಸಿಯಂ ಸುಮಾರು 30 ಗ್ರಾಂ, ಅದರಲ್ಲಿ ಹೆಚ್ಚಿನ ಪಾಲು ಕೊನೆಯ ಮೂರು ತಿಂಗಳಲ್ಲಿ. ತಾಯಿ ತಿನ್ನದಿದ್ದರೆ ಅದು ತಾಯಿಯ ಎಲುಬಿನಿಂದ ಹೋಗುತ್ತದೆ, ಅಷ್ಟೆ.

ಎರಡನೆಯದು ಊಟ. ಡಿ ಇರುವ ಆಹಾರ ಕಡಿಮೆ. ನಮ್ಮ ಕರಾವಳಿಯವರಿಗೆ ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನು. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಶಾಕಾಹಾರಿಗಳಿಗೆ ಉಳಿಯುವುದು ಜೀವಸತ್ವ ಸೇರಿಸಿದ ಹಾಲು. ಹಾಲಿನ ಚೀಲದ ಮೇಲೆ ಕೂಡಿಸುವ ಚಿಹ್ನೆಯ ಪಕ್ಕದಲ್ಲಿ 'ಎಫ್' ಎಂಬ ಅಕ್ಷರದ ಗುರುತು ಇದ್ದರೆ ಸೇರಿಸಿದ್ದಾರೆ ಎಂದರ್ಥ. ನಿಯಮದಂತೆ ಅದರಲ್ಲಿ ಲೀಟರಿಗೆ 200ರಿಂದ 300 ಘಟಕ. ಈಗ ಕೂಡಿಸಿ:

ಗುಳಿಗೆ ಎರಡು: 500 ಘಟಕ
ಹಾಲು ಎರಡು ಲೋಟ: ಸುಮಾರು 100 ಘಟಕ
ಒಟ್ಟು ಜಮಾ: 600 ಘಟಕ

ಐಸಿಎಂಆರ್ 2020ರಲ್ಲಿ ಗರ್ಭಿಣಿಗೆ ಬೇಕೆಂದು ಹೇಳಿದ್ದೂ ದಿನಕ್ಕೆ 600! ಲೆಕ್ಕ ತಾಳೆಯಾಯಿತು. ಆದರೆ ಇದು ದಿನದ ಖರ್ಚಿಗೆ ಮಾತ್ರ. ಹಳೆಯ ಸಾಲ ದೊಡ್ಡದಿದ್ದರೆ ತೀರಿಸುವ ಪ್ರಮಾಣವನ್ನು ಡಾಕ್ಟರರೇ ಹೇಳಬೇಕು.

ಮೂರನೆಯದು ಬಿಸಿಲು. ಸಾಧ್ಯವಿದ್ದವರು ವಾರಕ್ಕೆ ಕೆಲವು ದಿನ ಹನ್ನೊಂದರ ನಂತರ ಟೆರೇಸಿನಲ್ಲೋ ಗಾಜಿಲ್ಲದ ಬಾಲ್ಕನಿಯಲ್ಲೋ ಮುಖ ಕೈಗೆ ಬಿಸಿಲು ಬೀಳುವಂತೆ ಸ್ವಲ್ಪ ಹೊತ್ತು ಇರಬಹುದು. ಚರ್ಮ ಉರಿಯುವ ತನಕ, ತಲೆ ತಿರುಗುವ ತನಕ ನಿಲ್ಲಬಾರದು; ನೀರು ಜೊತೆಗಿರಲಿ. ಆಫೀಸಿನವರಿಗೆ ಮಧ್ಯಾಹ್ನದ ಡಬ್ಬಿ ಮುಗಿಸಿ ಹೊರಗೊಂದು ಸುತ್ತು ಹಾಕಲು ಬಿಡುವು ಸಿಕ್ಕರೆ ಅದೂ ಆಯಿತು. ಸಿಗದಿದ್ದವರು ಕೊರಗಬೇಕಾಗಿಲ್ಲ, ಗುಳಿಗೆ ಇದೆ.

ನಾಲ್ಕನೆಯದು ಮಗು. ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷದ ತನಕ ದಿನಕ್ಕೆ 400 ಘಟಕದ ಹನಿ ಕೊಡಬೇಕೆಂಬುದು ಭಾರತದ ಮಕ್ಕಳ ತಜ್ಞರ ಸಂಘದ ಸಲಹೆ. ಅಜ್ಜಿ ಎಣ್ಣೆ ಹಚ್ಚಿ ನೀರು ಹಾಕಿ ಏಳೂವರೆಯ ಬಿಸಿಲಿಗೆ ಮಗುವನ್ನು ಹಿಡಿಯುವುದು ಚಂದದ ಪದ್ಧತಿ, ಅದು ನಡೆಯಲಿ. ಜೀವಸತ್ವದ ಖಾತೆಯಲ್ಲಿ ಮಾತ್ರ ಅದನ್ನು ಜಮಾ ಬರೆಯಬೇಡಿ. ಹಾಗೆಂದು ಎಳೆಗೂಸನ್ನು ಮಧ್ಯಾಹ್ನದ ಬಿಸಿಲಿಗೆ ಹಿಡಿಯಲೂ ಬಾರದು, ಅದರ ಚರ್ಮ ತಡೆಯುವುದಿಲ್ಲ. ಹನಿಯೇ ಕ್ಷೇಮ. ನಲವತ್ತು ದಿನದ ಬಾಣಂತಿ ಕೋಣೆಗೂ ಇದೇ ಮಾತು. ಆ ವಿಶ್ರಾಂತಿ, ಆ ಆರೈಕೆ ಬೇಕೇ ಬೇಕು. ಕಿಟಕಿ ಮುಚ್ಚಿದ ಕತ್ತಲೆ ಬೇಕಾಗಿಲ್ಲ.

ಕೊನೆಯದು ಎಚ್ಚರಿಕೆ. ಈ ಜೀವಸತ್ವ ಕೊಬ್ಬಿನಲ್ಲಿ ಉಳಿಯುವಂಥದ್ದು. ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು. 60,000 ಘಟಕದ ಪುಡಿ ಪೊಟ್ಟಣ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಡಾಕ್ಟರರು ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ತಿಂದರೆ ಅಪಾಯ. ಮಗುವಿನ ಹನಿಯಲ್ಲೂ ಮಿಲಿಲೀಟರಿಗೆ 400 ಘಟಕ ಇರುವುದೂ ಉಂಟು, 800 ಇರುವುದೂ ಉಂಟು. ಬಾಟಲಿ ಬದಲಾದಾಗ ಚೀಟಿ ಓದಿಯೇ ಹಾಕಬೇಕು. ಮತ್ತೆ, ಮಗುವಿನ ಕೈಕಾಲು ಸೆಟೆದು ಅದುರಿದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ. ಕ್ಯಾಲ್ಸಿಯಂ ಗುಳಿಗೆಯನ್ನು ಅಲ್ಲಿ ಕೇಳಿ ಪಡೆಯಬಹುದು.

ಗಂಡುಹುಡುಗನಿಗೆ ಈ ವಿಷಯ ಯಾಕೆ ಎಂದು ಬಳಗದ ಒಬ್ಬರು ಕರಡು ನೋಡಿ ಕೇಳಿದರು. ನಮ್ಮಲ್ಲಿ ಹಲವರು ಇನ್ನು ಆರೇಳು ವರ್ಷದಲ್ಲಿ ಗಂಡ, ತಂದೆ, ಮಾವ, ಚಿಕ್ಕಪ್ಪ ಆಗುವವರು. ಹಾಲಿನ ಚೀಲ ತರುವವರು ನಾವು, ಔಷಧದ ಅಂಗಡಿಗೆ ಓಡುವವರು ನಾವು. ಚೀಟಿ ಓದಲು ಬರುವುದೂ ಮನೆಯಲ್ಲಿ ಎಷ್ಟೋ ಸಲ ನಮಗೇ. ಈ ಹಾಳೆಯನ್ನು ಓದಿ ಮಡಚಿಡುವ ಮೊದಲು, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಬಸುರಿ ಇದ್ದರೆ ಅವರ ಗುಳಿಗೆ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ಒಮ್ಮೆ ವಿಚಾರಿಸಿ. ಉಳಿದಿದ್ದರೆ ಬೈಯಬೇಡಿ. ಯಾಕೆ ಉಳಿಯಿತು ಎಂದು ಕೇಳಿ, ಗೊತ್ತಿದ್ದಷ್ಟನ್ನು ಅವರ ಭಾಷೆಯಲ್ಲಿ ಹೇಳಿ.